ಮಲಮಗಳಿಗೊಂದು ಬೇರೆ ಅರ್ಜಿ

ನಮ್ಮ ಭಾಷೆಯಲ್ಲಿ ‘ಮಲ’ ಎಂಬ ಎರಡಕ್ಷರ ಯಾವ ನಂಟಿನ ಮುಂದೆ ಬಂದು ನಿಂತರೂ ಆ ನಂಟಿಗೆ ಒಂದು ಬಗೆಯ ಕಹಿ ಅಂಟಿಕೊಳ್ಳುತ್ತದೆ. ಸರಕಾರವು ಒಂದು ಜಿಲ್ಲೆಯನ್ನು ಅಲಕ್ಷಿಸಿದರೆ ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಬರೆಯುತ್ತವೆ. ಸುರುಚಿಯು ಬಾಲಕ ಧ್ರುವನನ್ನು ತಂದೆಯ ತೊಡೆಯಿಂದ ಕೆಳಗಿಳಿಸಿದ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ಹೀಗಿರುವಾಗ, ಒಂದು ದೇಶದ ಸರಕಾರವು ತನ್ನ ಅರ್ಜಿಯ ಮೊದಲ ಭಾಗದಲ್ಲಿಯೇ ‘ಮಲಮಗು’ ಎಂಬುದಕ್ಕೊಂದು ಚೌಕವನ್ನು ಬರೆದಿಟ್ಟು, ಅದರಲ್ಲಿ ಗುರುತು ಹಾಕಿದವರ ಮಗುವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಸಾಲಿನಲ್ಲಿಯೇ ಕೂರಿಸುತ್ತದೆಂದರೆ ಓದುಗರಿಗೆ ಆಶ್ಚರ್ಯವೆನಿಸೀತು. ಅಮೆರಿಕದ ವಲಸೆಯ ಕಾನೂನು ಹಾಗೆ ಮಾಡುತ್ತದೆ. ಆದರೆ ಆ ಚೌಕದಲ್ಲಿ ಗುರುತು ಹಾಕುವುದಕ್ಕೆ ಕಾಲವುಂಟು, ಕ್ರಮವುಂಟು. ಕಾಲ ತಪ್ಪಿದರೆ ತಾಯಿ ಒಂದು ಖಂಡದಲ್ಲಿ, ಮಗಳು ಇನ್ನೊಂದು ಖಂಡದಲ್ಲಿ ವರ್ಷಗಟ್ಟಲೆ ಉಳಿಯುವ ಪ್ರಸಂಗವೂ ಉಂಟು. ಈ ವಾರದ ಅಂಕಣವನ್ನು ಆ ಚೌಕಕ್ಕೇ ಮೀಸಲಿಟ್ಟಿದ್ದೇನೆ.

ವಿಧವೆಯಾದ ಅಥವಾ ವಿಚ್ಛೇದನ ಪಡೆದ ಹೆಣ್ಣುಮಗಳು ಮರುಮದುವೆಯಾಗುವುದು ಮಧ್ಯಮ ವರ್ಗದ ಮನೆಗಳಲ್ಲಿ ಈಗ ಪಿಸುಮಾತಿನ ವಿಷಯವಾಗಿ ಉಳಿದಿಲ್ಲ. ಅಂಥ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ತಾಯಿ ಮೈಸೂರಿನವಳು, ಮಗಳಿಗೆ 16 ವರ್ಷ, ಪ್ರಥಮ ಪಿ.ಯು.ಸಿ. ಓದುತ್ತಿದ್ದಾಳೆ. ವರನು ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗ, ಅಮೆರಿಕದ ಪೌರತ್ವ ಪಡೆದವನು. ಹುಡುಗಿಯನ್ನು ತನ್ನ ಮಗಳಂತೆಯೇ ಕಾಣುವುದಾಗಿ ಮನಃಪೂರ್ವಕವಾಗಿ ಒಪ್ಪಿದ್ದಾನೆ. ಎಲ್ಲವೂ ಸರಿ. ಆಗ ಮನೆಯ ಹಿರಿಯ ಸೋದರಮಾವ ಬಾಯಿ ಬಿಡುತ್ತಾನೆ: “ನೋಡಮ್ಮ, ಮೊದಲು ನೀನು ಹೋಗಿ ನೆಲೆಯೂರು. ನಿನ್ನ ಕಾಗದಪತ್ರ ಆಯಿತೆಂದರೆ ಮಗುವಿನದು ಅದರ ಹಿಂದೆಯೇ ತಾನಾಗಿ ಆಗುತ್ತದೆ. ಪಕ್ಕದ ಮನೆಯ ಹುಡುಗನಿಗೆ ಹಾಗೇ ಆಯಿತಲ್ಲ!”

ಮಾವನ ಮಾತಿನಲ್ಲಿ ಕೇಡಿಲ್ಲ. ಆದರೆ ಕಾನೂನೂ ಇಲ್ಲ. ಪಕ್ಕದ ಮನೆಯ ಹುಡುಗನು ಉದ್ಯೋಗದ ವೀಸಾದ ಮೇಲೆ ಹೋದವನು. ಅಂಥವರ ಪತ್ನಿಯೂ ಮಕ್ಕಳೂ ಎಚ್-4 ಎಂಬ ವೀಸಾದಲ್ಲಿ ಅವರ ಬೆನ್ನಿಗೇ ಹೋಗುತ್ತಾರೆ. ಮುಂದೆ ಗ್ರೀನ್ ಕಾರ್ಡ್ ಬರುವಾಗಲೂ ಒಂದೇ ಮನವಿಯ ನೆರಳಿನಲ್ಲಿ ಎಲ್ಲರಿಗೂ ಬರುತ್ತದೆ. ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳು ಈ ದಾರಿಯನ್ನೇ ಕಂಡಿರುವುದರಿಂದ ಎಲ್ಲ ದಾರಿಗಳೂ ಹೀಗೆಯೇ ಎಂದು ನಂಬಿಬಿಟ್ಟಿವೆ. ಅಮೆರಿಕದ ಪೌರನ ಪತ್ನಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು, ತಂದೆತಾಯಿ, ಇವರದು ಬೇರೆಯೇ ಒಂದು ಪಂಗಡ. ‘ಅತಿ ನಿಕಟ ಬಂಧುಗಳು’ ಎಂದು ಅದಕ್ಕೆ ಹೆಸರು. ಈ ಪಂಗಡಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ, ಸರದಿಯ ಸಾಲಿಲ್ಲ. ಆ ಅನುಕೂಲಕ್ಕೆ ಪ್ರತಿಯಾಗಿ ಒಂದು ನಿಯಮವುಂಟು: ಇಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಹೋಗುವಂತಿಲ್ಲ. ಪತ್ನಿಗೊಂದು ಮನವಿ, ಮಲಮಗಳಿಗೊಂದು ಮನವಿ. ಇಬ್ಬರು ಮಕ್ಕಳಿದ್ದರೆ ಒಟ್ಟು ಮೂರು. ಪ್ರತಿಯೊಂದಕ್ಕೂ ಐ-130 ಎಂಬ ಫಾರಮನ್ನು ಪೌರನಾದ ಪತಿಯೇ ಸಲ್ಲಿಸಬೇಕು. ತಾಯಿಯ ಅರ್ಜಿಯಲ್ಲಿ ಮಗಳ ಹೆಸರನ್ನು ಮಕ್ಕಳ ಪಟ್ಟಿಯಲ್ಲಿ ಬರೆದಮಾತ್ರಕ್ಕೆ ಮಗಳಿಗೆ ಅರ್ಜಿ ಹಾಕಿದಂತಾಗುವುದಿಲ್ಲ.

ವಿಚಿತ್ರವೆಂದರೆ, ವರನು ಪೌರನಾಗದೆ ಕೇವಲ ಗ್ರೀನ್ ಕಾರ್ಡ್ ಹೊಂದಿದವನಾಗಿದ್ದರೆ ಪತ್ನಿಯ ಮನವಿಯಲ್ಲಿಯೇ ಮಗಳೂ ಸೇರಬಹುದಾಗಿತ್ತು. ಆದರೆ ಆ ಪಂಗಡಕ್ಕೆ ಸರದಿಯುಂಟು. ಆದುದರಿಂದ ಅರ್ಜಿ ಹಾಕುವ ಮುನ್ನ, ಅಥವಾ ಮನವಿ ಬಾಕಿಯಿರುವಾಗಲೇ, ಪತಿ ಪೌರತ್ವ ಪಡೆದರೆ ಸಂಸಾರಕ್ಕೆಲ್ಲ ಲಾಭವೆಂದು ತಿಳಿಯಬಾರದು. ಪತ್ನಿಯ ಸರದಿ ತಪ್ಪುತ್ತದೆ, ನಿಜ. ಆದರೆ ಮಗಳಿಗೆ ಆಗ ಪ್ರತ್ಯೇಕ ಮನವಿ ಬೇಕಾಗುತ್ತದೆ. ಅದನ್ನು ಮರೆತವರ ಮನೆಯಲ್ಲಿ ತಾಯಿಗೆ ವೀಸಾ ಸಂದರ್ಶನದ ಕರೆ ಬರುತ್ತದೆ, ಮಗಳಿಗೆ ಬರುವುದಿಲ್ಲ.

ಇನ್ನು ಕಾಲದ ಮಾತು. ಎರಡು ಸಂಖ್ಯೆಗಳನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು: 18 ಮತ್ತು 21.

ಮಗುವಿಗೆ 18 ವರ್ಷ ತುಂಬುವ ಮೊದಲೇ ತಾಯಿಯ ಮರುಮದುವೆ ನಡೆದಿರಬೇಕು. 1952ರ ವಲಸೆ ಕಾಯಿದೆಯಲ್ಲಿಯೇ ಬಂದ ಈ ನಿಯಮ ಇಂದಿಗೂ ಹಾಗೆಯೇ ಉಳಿದಿದೆ. ಹುಟ್ಟುಹಬ್ಬದ ಹಿಂದಿನ ದಿನ ಮದುವೆಯಾದರೆ ಆಕೆ ಮಲಮಗಳು. ಮರುದಿನವಾದರೆ ಆ ದೇಶದ ವಲಸೆಯ ಕಾನೂನಿನ ಕಣ್ಣಿಗೆ ಆಕೆ ಆತನಿಗೆ ಯಾರೂ ಅಲ್ಲ. ನಿಶ್ಚಿತಾರ್ಥವು ಲೆಕ್ಕಕ್ಕಿಲ್ಲ. ನಮ್ಮ ಹಿಂದೂ ವಿವಾಹ ಕಾಯಿದೆಯಂತೆ ಸಪ್ತಪದಿಯ ಆಚಾರವಿರುವಲ್ಲಿ ಏಳನೆಯ ಹೆಜ್ಜೆಯೊಡನೆ ಮದುವೆ ಪೂರ್ಣವಾಗುತ್ತದೆ. ನೋಂದಣಿ ಅದಕ್ಕೆ ಸಾಕ್ಷ್ಯ. ಆದರೂ ದೂರದ ಅಧಿಕಾರಿಯ ಕೈಗೆ ಹೋಗುವುದು ಸಾಕ್ಷ್ಯವೇ ಆದುದರಿಂದ, ಮಗಳಿಗೆ 17 ದಾಟಿದ ಮನೆಗಳಲ್ಲಿ ಮದುವೆಯ ನೋಂದಣಿಯನ್ನು ‘ನಿಧಾನವಾಗಿ ಮಾಡಿಸೋಣ’ ಎಂದು ಮುಂದೂಡದಿರುವುದು ಲೇಸು. ಆಷಾಢ ಕಳೆಯಲಿ, ಮೌಢ್ಯ ಕಳೆಯಲಿ, ಒಳ್ಳೆಯ ಲಗ್ನ ಸಿಗಲಿ ಎಂದು ತಿಂಗಳುಗಟ್ಟಲೆ ಕಾಯುವ ಹಿರಿಯರು ಪಂಚಾಂಗದ ಪಕ್ಕದಲ್ಲಿ ಹುಡುಗಿಯ ಜನನಪತ್ರವನ್ನೂ ಇಟ್ಟುಕೊಂಡು ನೋಡಲಿ.

21ರ ಲೆಕ್ಕ ಬೇರೆ. ಮನವಿ ಸಲ್ಲಿಸುವ ದಿನ ಆಕೆಗೆ 21 ತುಂಬಿರಬಾರದು. ಹಿಂದೆ, ಕಚೇರಿಯಲ್ಲಿ ಕಡತ ಕುಳಿತಿದ್ದಾಗಲೇ ಮಕ್ಕಳಿಗೆ 21 ತುಂಬಿ ಹಕ್ಕು ಹೋಗುತ್ತಿತ್ತು. 2002ರಲ್ಲಿ ಬಂದ ಒಂದು ಕಾಯಿದೆ ಆ ಅನ್ಯಾಯವನ್ನು ಸರಿಪಡಿಸಿತು. ಪೌರನ ಮಗುವಿನ ವಯಸ್ಸು, ಮನವಿ ಸಲ್ಲಿಸಿದ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಂತಿತೆಂದು ಈಗ ಭಾವಿಸಲಾಗುತ್ತದೆ. ವಯಸ್ಸು ನಿಲ್ಲುತ್ತದೆ; ಆದರೆ ಅವಿವಾಹಿತೆ ಎಂಬ ಷರತ್ತು ನಿಲ್ಲುವುದಿಲ್ಲ. ವೀಸಾ ಬರುವುದರೊಳಗೆ ಹುಡುಗಿಗೆ ಒಳ್ಳೆಯ ಸಂಬಂಧ ಬಂತೆಂದು ಮದುವೆ ಮಾಡಿಬಿಟ್ಟರೆ ಆಕೆ ನಿಕಟ ಬಂಧುಗಳ ಪಂಗಡದಿಂದ ಹೊರಬಿದ್ದು, ವಿವಾಹಿತ ಮಕ್ಕಳ ಅತಿ ದೀರ್ಘವಾದ ಸಾಲಿಗೆ ಸೇರುತ್ತಾಳೆ.

21 ದಾಟಿದ ಮೇಲೆ ಬಾಗಿಲು ಪೂರ್ತಿ ಮುಚ್ಚುವುದೇ ಎಂದರೆ, ಇಲ್ಲ. ಮದುವೆಯ ದಿನ ಆಕೆಗೆ 18 ತುಂಬದೆ ಇದ್ದರೆ ಮಲತಂದೆ ಮುಂದೆ ಯಾವಾಗಲಾದರೂ ಮನವಿ ಹಾಕಬಹುದು. ಆದರೆ ಅದು ವರ್ಷಗಟ್ಟಲೆ ಕಾಯುವ ಸಾಲು. ಮದುವೆಯ ದಿನವೇ 18 ದಾಟಿದ್ದ ಮಗಳಿಗಾದರೆ ಮಲತಂದೆಯ ಮನವಿ ನಡೆಯದು. ತಾಯಿ ಮೊದಲು ಗ್ರೀನ್ ಕಾರ್ಡ್ ಪಡೆದು, ಅನಂತರ ತನ್ನ ಮಗಳಿಗಾಗಿ ತಾನೇ ಮನವಿ ಸಲ್ಲಿಸಬೇಕು. 18ಕ್ಕೂ 21ಕ್ಕೂ ನಡುವಿನ ಮಕ್ಕಳಿರುವ ಕೆಲವು ಸಂಸಾರಗಳು ಇನ್ನೊಂದು ಹಾದಿ ಹಿಡಿಯುವುದುಂಟು. ಮದುವೆಗೆ ಮುಂಚೆಯೇ ವಧುವಿಗೆ ಕೆ-1 ಎಂಬ ವೀಸಾ, ಮಗಳಿಗೆ ಕೆ-2 ಎಂಬ ವೀಸಾ ಪಡೆದು, ಅಲ್ಲಿಗೆ ಹೋದ 90 ದಿನಗಳೊಳಗೆ ಮದುವೆಯಾಗುವ ಹಾದಿ ಅದು. ಅಲ್ಲಿ ಪ್ರವೇಶದ ದಿನ ಮಗಳಿಗೆ 21 ತುಂಬಿರಬಾರದೆಂಬುದೇ ಮುಖ್ಯವೆಂದು ಅಲ್ಲಿಯ ವಲಸೆ ಮೇಲ್ಮನವಿ ಮಂಡಲಿ 2011ರಲ್ಲಿ ತೀರ್ಪಿತ್ತಿದೆ. ಇಲ್ಲಿ ಮದುವೆ ಮಾಡಿ ಕಳುಹಿಸಿದ ಮೇಲೆ ಈ ಹಾದಿ ಇರುವುದಿಲ್ಲ. ಆದುದರಿಂದ ಛತ್ರಕ್ಕೆ ಮುಂಗಡ ಕೊಡುವ ಮೊದಲೇ ಈ ಲೆಕ್ಕ ಹಾಕಬೇಕು.

“ಮಗು ಆತನ ಮನೆಯಲ್ಲಿ ಒಂದು ದಿನವೂ ಇದ್ದಿಲ್ಲವಲ್ಲ, ಮಗಳೆಂದು ಒಪ್ಪುತ್ತಾರೆಯೆ?” ಎಂದು ಅಜ್ಜಿಯರು ಕೇಳುವುದುಂಟು. ಪ್ರಶ್ನೆ ಅರ್ಥವಿಲ್ಲದ್ದಲ್ಲ. ಒಂದು ಕಾಲದಲ್ಲಿ ಅಲ್ಲಿಯ ವಲಸೆ ಇಲಾಖೆಯೂ ಇದನ್ನೇ ಕೇಳುತ್ತಿತ್ತು. ಮಲತಂದೆ ಮಗುವಿನ ಪಾಲನೆಯಲ್ಲಿ ಆಸಕ್ತಿ ತೋರಿದ್ದಕ್ಕೆ ರುಜುವಾತು ಬೇಡುತ್ತಿತ್ತು. 1980ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಕಾನೂನಿನ ಮಾತು ಸ್ಪಷ್ಟವಾಗಿದೆ, ಮದುವೆಯೊಂದರಿಂದಲೇ ಮಲಮಗುವಿನ ಸಂಬಂಧ ಹುಟ್ಟುತ್ತದೆ ಎಂದು ಹೇಳಿತು. 1981ರಲ್ಲಿ ವಲಸೆ ಮೇಲ್ಮನವಿ ಮಂಡಲಿಯೂ ಅದನ್ನು ಒಪ್ಪಿಕೊಂಡಿತು. ಮಗುವನ್ನು ದತ್ತು ತೆಗೆದುಕೊಳ್ಳಬೇಕಾದ ಅಗತ್ಯವೂ ಇಲ್ಲ. ದತ್ತುವಿನ ದಾರಿಗೆ ಸಾಮಾನ್ಯವಾಗಿ 16 ವರ್ಷ ತುಂಬುವ ಮೊದಲೇ ದತ್ತು ಆಗಿರಬೇಕು. ಎರಡು ವರ್ಷ ಮಗು ಆ ಪೋಷಕರ ವಶದಲ್ಲಿದ್ದು, ಜೊತೆಯಲ್ಲಿ ವಾಸಿಸಿರಬೇಕು. ಮಲಮಗುವಿನ ದಾರಿ ಅದಕ್ಕಿಂತ ಸುಗಮ.

ಮದುವೆ ಮಾತ್ರ ನಿಜವಾದ ಮದುವೆಯಾಗಿರಬೇಕು. ಮಗಳ ಮನವಿಯೊಡನೆಯೂ ತಾಯಿಯ ಮದುವೆಯ ಸಾಕ್ಷ್ಯವನ್ನು ಲಗತ್ತಿಸುವುದು ಈ ಕಾರಣಕ್ಕಾಗಿಯೇ. ಆಹ್ವಾನಪತ್ರಿಕೆ, ಬಂಧುಗಳೆಲ್ಲ ಕಾಣುವ ಛಾಯಾಚಿತ್ರಗಳು, ಒಬ್ಬರಿಗೊಬ್ಬರು ಹಣ ಕಳುಹಿಸಿದ ದಾಖಲೆ, ಪ್ರಯಾಣದ ಚೀಟಿಗಳು, ಇವುಗಳಲ್ಲಿ ಯಾವುದೂ ಕಸವಲ್ಲ.

ಇನ್ನು ಸತ್ಯದ ಮಾತು. ನಮ್ಮ ಮನೆಗಳಲ್ಲಿ ಒಂದು ಮೃದುವಾದ ಸುಳ್ಳು ಉಂಟು. ಹುಡುಗಿಗೆ ನೋವಾಗಬಾರದೆಂದೋ, ಹೊಸ ಬೀಗರ ಮುಂದೆ ತಲೆ ತಗ್ಗಬಾರದೆಂದೋ ಮೊದಲ ಮದುವೆಯ ಮೇಲೆ ಪರದೆ ಎಳೆಯುತ್ತಾರೆ. “ಇನ್ನು ಮೇಲೆ ಇವರೇ ನಿನ್ನ ಅಪ್ಪ” ಎಂದು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಾತು ಶಾಲೆಯ ದಾಖಲೆಗೆ, ಪಾಸ್‌ಪೋರ್ಟಿಗೆ, ಜನನಪತ್ರಕ್ಕೆ ಹರಿದರೆ ಅನಾಹುತ. ಜನನಪತ್ರದಲ್ಲಿ ಹೆತ್ತ ತಂದೆಯ ಹೆಸರೇ ಇರಬೇಕು. ಅದನ್ನು ಅಳಿಸಿ ಮಲತಂದೆಯ ಹೆಸರು ಬರೆಸಿದರೆ, ಸುಲಭವಾಗಿ ಸಿಗುತ್ತಿದ್ದ ಹಕ್ಕು ಕಪಟದ ಶಂಕೆಗೆ ಗುರಿಯಾಗುತ್ತದೆ. ವೀಸಾಕ್ಕಾಗಿ ಮುಖ್ಯ ಸಂಗತಿಯೊಂದನ್ನು ಬೇಕೆಂದೇ ಸುಳ್ಳಾಗಿ ಹೇಳಿದವರಿಗೆ ಆ ದೇಶದ ಪ್ರವೇಶವು ಜೀವಾವಧಿ ನಿಷಿದ್ಧವಾಗಬಹುದು. ಅದರಿಂದ ಬಿಡುಗಡೆ ಸುಲಭವಲ್ಲ. ‘ಮಲಮಗಳು’ ಎಂಬ ಚೌಕದಲ್ಲಿ ಗುರುತು ಹಾಕಲು ನಾಚುವವರು ನೆನಪಿಡಬೇಕು: ಆ ಚೌಕವು ಅವಮಾನವಲ್ಲ, ಅದೇ ಹಕ್ಕು.

ದಸ್ತಾವೇಜುಗಳ ಪಟ್ಟಿ ಉದ್ದವಲ್ಲ. ಆದರೆ ಪ್ರತಿಯೊಂದಕ್ಕೂ ಇಲ್ಲಿ ಓಡಾಟವುಂಟು. ಪತಿಯ ಪೌರತ್ವದ ಪುರಾವೆ. ತಾಯಿಯ ಹೆಸರನ್ನು ಒಳಗೊಂಡ ಮಗಳ ಜನನಪತ್ರ. ತಾಯಿಯ ಮರುಮದುವೆಯ ನೋಂದಣಿ ಪತ್ರ. ತಾಯಿಯದಾಗಲಿ ಪತಿಯದಾಗಲಿ ಹಿಂದಿನ ಮದುವೆಗಳು ಕಾನೂನು ರೀತ್ಯಾ ಮುಗಿದಿವೆ ಎಂಬುದಕ್ಕೆ ನ್ಯಾಯಾಲಯದ ವಿಚ್ಛೇದನ ಡಿಕ್ರಿ ಅಥವಾ ಮರಣಪತ್ರ. ಹಿರಿಯರ ಸಮಕ್ಷಮ ಛಾಪಾ ಕಾಗದದಲ್ಲಿ ಬರೆದುಕೊಂಡ ಬಿಡುಗಡೆಯ ಕರಾರು ಸಾಮಾನ್ಯವಾಗಿ ಸಾಲದು. ಡಿಕ್ರಿ ಬಂದಮೇಲೂ ಮೇಲ್ಮನವಿಯ ಅವಧಿ ಕಳೆದ ಮೇಲೆಯೇ ಮರುಮದುವೆಯಾಗಿರಬೇಕೆಂದು ನಮ್ಮ ಕಾಯಿದೆಯೇ ಹೇಳುತ್ತದೆ.

ಜನನಪತ್ರದ ವಿಷಯದಲ್ಲಿ ನಮ್ಮವರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನೇ ಬ್ರಹ್ಮಾಸ್ತ್ರವೆಂದು ನಂಬಿರುತ್ತಾರೆ. ಇಲ್ಲಿ ಅದು ನಡೆದೀತು. ಅಲ್ಲಿ ಬೇಕಾದುದು ಜನನ ನೋಂದಣಾಧಿಕಾರಿಯ ಪತ್ರ. ಅದು ಇಲ್ಲವೇ ಇಲ್ಲವೆಂದಾದರೆ, ದಾಖಲೆ ಲಭ್ಯವಿಲ್ಲವೆಂಬ ಪತ್ರವನ್ನು ಅದೇ ಕಚೇರಿಯಿಂದ ಪಡೆದು, ಹುಟ್ಟನ್ನು ಬಲ್ಲ ಹಿರಿಯ ಬಂಧುಗಳ ಪ್ರಮಾಣಪತ್ರಗಳನ್ನು ಅದಕ್ಕೆ ಸೇರಿಸಬೇಕು. ಹೆಸರಿನ ತೊಡಕು ಇನ್ನೊಂದು. ನಮ್ಮ ಕಡೆ ಎಷ್ಟೋ ಹೆಸರುಗಳಿಗೆ ಮನೆತನದ ಹೆಸರೆಂಬುದೇ ಇಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಜನನಪತ್ರದಲ್ಲಿ ಒಂದಕ್ಷರ, ಶಾಲೆಯಲ್ಲಿ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣರೂಪ! ಇವೆಲ್ಲವೂ ಒಬ್ಬಳೇ ಹುಡುಗಿಯೆಂದು ನಮಗೆ ಗೊತ್ತು. ನ್ಯೂಹ್ಯಾಂಪ್‌ಶೈರಿನಲ್ಲಿ ಕುಳಿತ ಗುಮಾಸ್ತನಿಗೆ ಗೊತ್ತಿರುವುದಿಲ್ಲ. ಮೊದಲೇ ಹೊಂದಿಸಿಕೊಂಡರೆ ತಿಂಗಳುಗಳು ಉಳಿಯುತ್ತವೆ.

ಇಲ್ಲಿಯವರೆಗೆ ಹೇಳಿದುದು ಕಾಗದದ ಮಾತು. ಇನ್ನು ಮನುಷ್ಯರ ಮಾತು: ಹೆತ್ತ ತಂದೆ. ಆತನು ಬದುಕಿದ್ದರೆ, ವಿಚ್ಛೇದನದ ಕಾಲದಲ್ಲಿ ಮಗಳ ಸುಪರ್ದು ಯಾರಿಗೆ ಎಂದು ನ್ಯಾಯಾಲಯವು ಏನು ಬರೆದಿದೆ ಎಂಬುದನ್ನು ಮತ್ತೆ ಓದಬೇಕು. ತಿಂಗಳಿಗೆರಡು ಭಾನುವಾರ ಮಗಳನ್ನು ಕಾಣುವ ಹಕ್ಕು ತಂದೆಗಿದ್ದರೆ, ಮಗಳನ್ನು ಏಳು ಸಮುದ್ರದಾಚೆಗೆ ಕರೆದೊಯ್ಯುವುದೆಂದರೆ ಆ ಭಾನುವಾರಗಳನ್ನು ಅಳಿಸುವುದೇ. ಅದಕ್ಕೆ ಆತನ ಒಪ್ಪಿಗೆ ಬೇಕು, ಇಲ್ಲವೆ ನ್ಯಾಯಾಲಯದ ಅಪ್ಪಣೆ ಬೇಕು. ಅಪ್ರಾಪ್ತ ಮಗುವಿನ ಪಾಸ್‌ಪೋರ್ಟಿಗೂ ಇಬ್ಬರ ಸಮ್ಮತಿಯ ಪ್ರಶ್ನೆ ಏಳುತ್ತದೆ; ವೀಸಾ ಸಂದರ್ಶನದಲ್ಲಿಯೂ ಸುಪರ್ದಿನ ಆದೇಶವನ್ನು ಕೇಳುವುದುಂಟು. ಕದ್ದುಮುಚ್ಚಿ ಮಾಡುವುದಕ್ಕಿಂತ ಎದುರಿಗೆ ಕುಳಿತು ಮಾತನಾಡಿ ಬರೆಸಿಕೊಂಡ ಒಪ್ಪಿಗೆ ಹೆಚ್ಚು ಬಾಳುತ್ತದೆ. ಬೇಸಗೆಯ ರಜೆಯಲ್ಲಿ ಮಗಳು ಬಂದು ತಂದೆಯ ಮನೆಯಲ್ಲಿರುವಳೆಂಬ ಒಂದು ಸಾಲನ್ನು ಸೇರಿಸಿದರೆ, ಬಿಗಿಹಿಡಿದ ಎಷ್ಟೋ ಕೈಗಳು ಸಡಿಲುವ ಸಂಭವವುಂಟು.

ಒಂದು ವೈಚಿತ್ರ್ಯವನ್ನು ಗಮನಿಸಿ. ನಮ್ಮ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯಿದೆಯು, ಸಹಜ ಪೋಷಕರ ವಿಚಾರದಲ್ಲಿ ‘ತಂದೆ’, ‘ತಾಯಿ’ ಎಂಬ ಮಾತುಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲವೆಂದು ಬಿಡಿಸಿಯೇ ಹೇಳಿದೆ. ಹೀಗಾಗಿ ಒಂದೇ ಮನುಷ್ಯನು ಅಮೆರಿಕದ ವಲಸೆ ಕಚೇರಿಯಲ್ಲಿ ಹುಡುಗಿಯ ತಂದೆ. ಮೈಸೂರಿನ ನ್ಯಾಯಾಲಯದಲ್ಲಿ ಆಕೆಯ ತಾಯಿಯ ಗಂಡ! ಆದುದರಿಂದ ಇಲ್ಲಿಯ ಕಚೇರಿಗಳಲ್ಲಿ ಮಗಳ ಪರವಾಗಿ ರುಜು ಹಾಕತಕ್ಕವಳು ತಾಯಿ. ಅಲ್ಲಿಯ ಮನವಿಗೆ ರುಜು ಹಾಕತಕ್ಕವನು ಮಲತಂದೆ. ಈ ಹಂಚಿಕೆಯನ್ನು ಅರಿತರೆ ಅರ್ಧ ಗೊಂದಲ ತೀರಿತು.

ಹಣದ ವಿಷಯ. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಪ್ರತಿಯೊಂದು ಐ-130 ಮನವಿಗೂ ಕಾಗದದಲ್ಲಾದರೆ 675 ಡಾಲರ್, ಅಂತರ್ಜಾಲದ ಮೂಲಕವಾದರೆ 625 ಡಾಲರ್ ಶುಲ್ಕ. ಮನವಿ ಮಂಜೂರಾದ ಮೇಲೆ ವೀಸಾ ಅರ್ಜಿಗೂ ಪೋಷಣೆಯ ಪ್ರಮಾಣಪತ್ರದ ಪರಿಶೀಲನೆಗೂ ಬೇರೆ ಶುಲ್ಕಗಳುಂಟು. ಶುಲ್ಕ ಬದಲಾಗುವುದುಂಟಾದ್ದರಿಂದ ಕಟ್ಟುವ ದಿನ ಇಲಾಖೆಯ ಪ್ರಕಟಣೆಯನ್ನು ನೋಡಿಯೇ ಕಟ್ಟಬೇಕು. ಫಾರಮು ಮಾತ್ರ ಉಚಿತ. ಅದನ್ನು ದುಡ್ಡಿಗೆ ಮಾರುವವರಿಂದ ದೂರವಿರಿ.

ಶುಲ್ಕಕ್ಕಿಂತ ದೊಡ್ಡದು ಪೋಷಣೆಯ ಪ್ರಮಾಣಪತ್ರ. ಐ-864 ಎಂದು ಅದರ ಹೆಸರು. ಈ ಮಗು ಸರಕಾರಕ್ಕೆ ಹೊರೆಯಾಗದಂತೆ ತಾನು ಸಾಕುತ್ತೇನೆಂದು ಮಲತಂದೆ ಬರೆದುಕೊಡುವ ಕರಾರು ಅದು. ಬಡತನದ ರೇಖೆಯೆಂದು ಸರಕಾರ ಪ್ರತಿ ವರ್ಷ ಪ್ರಕಟಿಸುವ ಮೊತ್ತದ ನೂರಕ್ಕೆ 125ರಷ್ಟಾದರೂ ಆತನ ಆದಾಯವಿರಬೇಕು. 2025ರ ಪಟ್ಟಿಯಂತೆ ಮೂವರ ಸಂಸಾರಕ್ಕೆ ಅದು ವರ್ಷಕ್ಕೆ ಸುಮಾರು 33,312 ಡಾಲರ್. ಇಂಜಿನಿಯರ ವರನಿಗೆ ಇದು ದೊಡ್ಡ ಮೊತ್ತವಲ್ಲದಿರಬಹುದು. ಕರಾರಿನ ಆಯುಷ್ಯ ಮಾತ್ರ ದೊಡ್ಡದು. ಮಗಳು ಪೌರಳಾಗುವವರೆಗೆ, ಅಥವಾ 40 ತ್ರೈಮಾಸಿಕಗಳ, ಅಂದರೆ ಸುಮಾರು 10 ವರ್ಷಗಳ, ದುಡಿಮೆ ಆಕೆಯ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೆ ಆಕೆ ಆ ದೇಶವನ್ನು ಬಿಟ್ಟು ಹೋಗುವವರೆಗೆ ಅದು ಜೀವಂತ. ತಾಯಿಗೂ ಆತನಿಗೂ ಮುಂದೆ ವಿಚ್ಛೇದನವಾದರೂ ಕರಾರು ಮುರಿಯದು. ರುಜು ಹಾಕುವ ಮುನ್ನ ವರನೂ ಇದನ್ನು ಓದಿಕೊಳ್ಳಲಿ. ವಧುವಿನ ಕಡೆಯವರೂ ತಿಳಿದುಕೊಂಡಿರಲಿ.

ಮಂಜೂರಾದ ಮನವಿಯು ನ್ಯೂಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಗೆ ಡಿ.ಎಸ್.-260 ಎಂಬ ಅರ್ಜಿಯನ್ನೂ ದಸ್ತಾವೇಜುಗಳನ್ನೂ ಕಳುಹಿಸಬೇಕು. 16 ದಾಟಿದವರಿಗೆ ಪೊಲೀಸ್ ಪ್ರಮಾಣಪತ್ರವೂ ಬೇಕು. ಅನಂತರ ನೇಮಿತ ವೈದ್ಯರಿಂದ ದೇಹಪರೀಕ್ಷೆ, ಚುಚ್ಚುಮದ್ದುಗಳು. ಕೊನೆಗೆ ಸಾಮಾನ್ಯವಾಗಿ ಮುಂಬಯಿಯ ಕಾನ್ಸಲೇಟಿನಲ್ಲಿ ಸಂದರ್ಶನ. ತಾಯಿಮಗಳ ಮನವಿಗಳು ಬೇರೆಬೇರೆಯಾದ್ದರಿಂದ ಎರಡನ್ನೂ ಒಂದೇ ದಿನ ಸಲ್ಲಿಸಿ, ಒಂದರ ಸಂಖ್ಯೆಯನ್ನು ಇನ್ನೊಂದರೊಡನೆ ತಿಳಿಸಿ, ಇಬ್ಬರಿಗೂ ಒಟ್ಟಿಗೆ ಸಂದರ್ಶನ ಕೊಡಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು. ಹೆಜ್ಜೆಹೆಜ್ಜೆಗೂ ತಿಂಗಳುಗಳು ಕಳೆಯುತ್ತವೆ. ಹುಡುಗಿಯ ಪಿ.ಯು.ಸಿ. ಪರೀಕ್ಷೆಯನ್ನು ಬಿಡಿಸಿ ಕಾಯುತ್ತ ಕೂರಿಸಬೇಡಿ. ಓದು ಓದಿನ ಹಾದಿಯಲ್ಲಿ ನಡೆಯಲಿ.

ವೀಸಾ ಕೈಗೆ ಬಂದಿತು, ವಿಮಾನ ಇಳಿದದ್ದಾಯಿತು. ಕಾಗದಗಳ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಪ್ರವೇಶದ ದಿನ ತಾಯಿಯ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ತಾಯಿಗೂ ಮಗಳಿಗೂ ದೊರೆಯುವುದು ಎರಡೇ ವರ್ಷದ ಷರತ್ತಿನ ಕಾರ್ಡು. ಸುಳ್ಳು ಮದುವೆಗಳನ್ನು ತಡೆಯಲೆಂದು 1986ರಲ್ಲಿ ಬಂದ ನಿಯಮವಿದು. ಅದರ ಅವಧಿ ತೀರುವ ಮೊದಲಿನ 90 ದಿನಗಳೊಳಗೆ ಐ-751 ಎಂಬ ಅರ್ಜಿಯನ್ನು ಸಲ್ಲಿಸಿ ಷರತ್ತನ್ನು ತೆಗೆಸಿಕೊಳ್ಳಬೇಕು. ತಾಯಿ ಬಂದ 90 ದಿನಗಳೊಳಗೆ ಮಗಳೂ ಬಂದಿದ್ದರೆ ಇಬ್ಬರಿಗೂ ಒಂದೇ ಅರ್ಜಿ ಸಾಕು. ತಡವಾಗಿ ಬಂದಿದ್ದರೆ ಮಗಳದು ಬೇರೆ. ಮರೆತರೆ ನೆಲೆಯೇ ಹೋಗುವ ಭಯವುಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕುಂಕುಮದ ಗುರುತಿಡಿ.

ಪೌರತ್ವದ ವಿಷಯದಲ್ಲಿ ಇನ್ನೂ ದೊಡ್ಡ ಭ್ರಮೆ. ಪೌರನ ಮಕ್ಕಳು ಗ್ರೀನ್ ಕಾರ್ಡಿನೊಡನೆ ಅಲ್ಲಿ ವಾಸಿಸಿದರೆ 18ರೊಳಗೆ ತಾವಾಗಿಯೇ ಪೌರರಾಗುತ್ತಾರೆಂದು 2000ದ ಒಂದು ಕಾಯಿದೆ ಹೇಳುತ್ತದೆ. ಆದರೆ ದತ್ತುವಾಗದ ಮಲಮಕ್ಕಳು ಅದರಲ್ಲಿ ಸೇರುವುದಿಲ್ಲ. ವಲಸೆಯ ಬಾಗಿಲಲ್ಲಿ ಮಗಳೆಂದ ಕಾನೂನು ಪೌರತ್ವದ ಬಾಗಿಲಲ್ಲಿ ಸುಮ್ಮನಾಗುತ್ತದೆ! ಇಲ್ಲಿ ಆಸರೆ ತಾಯಿಯೇ. ಪೌರನ ಪತ್ನಿಯಾಗಿ ಆತನೊಡನೆ ಬಾಳುವ ತಾಯಿ, ಮೂರು ವರ್ಷ ಖಾಯಂ ನಿವಾಸಿಯಾಗಿದ್ದು ಪೌರತ್ವಕ್ಕೆ ಅರ್ಹಳಾಗಬಹುದು. ಮಗುವಿಗೆ 18 ತುಂಬುವ ಮೊದಲೇ ತಾಯಿ ಪೌರಳಾದರೆ, ಗ್ರೀನ್ ಕಾರ್ಡ್ ಹೊಂದಿ ತಾಯಿಯ ಸುಪರ್ದಿನಲ್ಲಿ ಜೊತೆಗೇ ವಾಸಿಸುವ ಮಗುವೂ ಅಂದೇ ಪೌರತ್ವ ಪಡೆಯುತ್ತದೆ. 12 ವರ್ಷದಲ್ಲಿ ಹೋದ ಮಗುವಿಗೆ ಇದು ಸಾಧ್ಯ. ನಮ್ಮ 16ರ ಹುಡುಗಿಗೆ ಸಾಧ್ಯವಿಲ್ಲ; ಆಕೆ ಐದು ವರ್ಷ ಕಾದು ತಾನೇ ಅರ್ಜಿ ಹಾಕಬೇಕು. ಅಷ್ಟರಲ್ಲಿ ‘ನಮ್ಮ ಅಪ್ಪ ಸಿಟಿಜನ್, ಆದ್ದರಿಂದ ನಾನೂ’ ಎಂದು ನಂಬಿ ಕಾಲೇಜಿನ ಇಲ್ಲವೆ ನೌಕರಿಯ ಫಾರಮಿನಲ್ಲಿ ಪೌರಳೆಂದು ಬರೆದಳೋ, ಮತ ಹಾಕಿದಳೋ, ಅದು ಬಹು ಗಂಭೀರವಾದ ಅಪರಾಧ. ಇದ್ದ ನೆಲೆಯೂ ಹೋದೀತು. ಇದನ್ನು ಹುಡುಗಿಗೇ ಬಿಡಿಸಿ ಹೇಳಬೇಕು.

ದಂಪತಿಗಳಲ್ಲಿ ಒಡಕು ಬಂದರೆ ಮಗಳ ಗತಿಯೇನು? ಕೇಳಲು ಅಶುಭವೆನಿಸಿದರೂ ಕೇಳಬೇಕಾದ ಪ್ರಶ್ನೆ. 1981ರ ಇನ್ನೊಂದು ತೀರ್ಪಿನಲ್ಲಿ ಅದೇ ಮೇಲ್ಮನವಿ ಮಂಡಲಿ ಹೇಳಿದ ಮಾತು ನನಗೆ ಮೆಚ್ಚುಗೆಯಾಗಿದೆ. ಮದುವೆಯು ವಿಚ್ಛೇದನದಿಂದಾಗಲಿ ಮರಣದಿಂದಾಗಲಿ ಮುಗಿದಾಗ, ಮಲತಂದೆಗೂ ಮಗುವಿಗೂ ನಡುವೆ ಕುಟುಂಬದ ಬಾಂಧವ್ಯವು ವಾಸ್ತವವಾಗಿ ಮುಂದುವರಿದಿದೆಯೆ ಎಂಬುದನ್ನು ನೋಡಬೇಕೆಂದು ಅದು ಹೇಳಿತು. ಅಂದರೆ, ನಂಟು ಹುಟ್ಟುವುದಕ್ಕೆ ಮದುವೆಯೊಂದು ಸಾಕು. ಮದುವೆ ಹೋದಮೇಲೂ ಅದು ಉಳಿಯಬೇಕಾದರೆ ಕಾಗದ ಸಾಲದು, ಬಾಳಿದ ಬಾಳು ಬೇಕು. ಹುಟ್ಟುಹಬ್ಬಕ್ಕೆ ಬರೆದ ಪತ್ರ, ಶಾಲೆಯ ಶುಲ್ಕ ಕಟ್ಟಿದ ರಸೀದಿ, ಜ್ವರ ಬಂದಾಗ ಆಸ್ಪತ್ರೆಯ ಪುಸ್ತಕದಲ್ಲಿ ಹಾಕಿದ ರುಜು, ಇವೇ ಆಗ ಸಾಕ್ಷಿಗಳು.

ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ಅರ್ಜಿಗಳಲ್ಲಿ ಹುಡುಗಿಯ ಹೆಸರಿದೆ, ಭಾವಚಿತ್ರವಿದೆ, ವಯಸ್ಸಿದೆ. ಆಕೆಯ ಅಭಿಪ್ರಾಯಕ್ಕೆ ಮಾತ್ರ ಯಾವ ಫಾರಮಿನಲ್ಲಿಯೂ ಜಾಗವಿಲ್ಲ. ಗೆಳತಿಯರನ್ನು, ಅಜ್ಜಿಯನ್ನು, ತಿಂಗಳಿಗೆರಡು ಭಾನುವಾರ ಕಾಣುವ ತಂದೆಯನ್ನು ಬಿಟ್ಟು ಹೋಗುವವಳು ಆಕೆ. ಆ ಜಾಗವನ್ನು ಮನೆಯವರೇ ಮಾಡಿಕೊಡಬೇಕು. ಮುಂಬಯಿಯ ಸಂದರ್ಶನದಲ್ಲಿ ಅಧಿಕಾರಿಯು “ಇವರು ನಿನಗೆ ಏನಾಗಬೇಕು?” ಎಂದು ಕೇಳಿದರೆ, ಕಲಿಸಿಕೊಟ್ಟ ಉತ್ತರವನ್ನು ಆಕೆ ಹೇಳುವಂತಾಗಬಾರದು. “ನನ್ನ ತಾಯಿಯ ಗಂಡ, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದಾರೆ” ಎಂದರೂ ಸಾಕು, “ಅಪ್ಪ” ಎಂದರೂ ಸಾಕು. ಎರಡೂ ಸತ್ಯವೇ. ಯಾವುದನ್ನು ಹೇಳಬೇಕೆಂಬುದು ಆಕೆಗೇ ಬಿಟ್ಟದ್ದು.